ಪಾಳಿಯ ಮೇಲೆ ಬದುಕಿದ್ದ ವಸ್ತಿ

ಕುಡಚಿಯಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತಿದಾಗ ನನ್ನ ಚೀಲದಲ್ಲಿ ಒಂದು ಜೊತೆ ಬಟ್ಟೆ, ನಾಲ್ಕು ಸಜ್ಜೆ ರೊಟ್ಟಿ ಮತ್ತು ಬೇಕಾದಷ್ಟು ಅಹಂಕಾರ ಇತ್ತು. ಟಿಕೆಟ್ಟಿಗೆ ಹತ್ತು ರೂಪಾಯಿ. ಪಂಚಾಯಿತಿ ಕಾರ್ಯದರ್ಶಿಯಾಗಿ ಮೂವತ್ತು ವರ್ಷ ಕಾಗದ ತಿರುವಿ ನಿವೃತ್ತನಾದವನಿಗೆ ಯಾರಾದರೂ ಸಲಹೆ ಕೇಳಿ ಫೋನು ಮಾಡಿದರೆ ಹೀಗೇ ಆಗುತ್ತದೆ. ಫೋನು ಮಾಡಿದ್ದವನು ಮಾವಶಿಯ, ಎಂದರೆ ಚಿಕ್ಕಮ್ಮನ, ಮಗ ಭರತ. "ದಾದಾ, ನಾಳೆ ಸಾಹೇಬ ಪಾಹಣಿಗೆ ಬರಾಂವ ಅದಾನ್ರಿ. ನಿಮಗ ಕಾಗದ ತಿಳೀತಾವ, ಬಂದ್ ಬಿಡ್ರಿ" ಎಂದಿದ್ದ. ಪಾಹಣಿ ಎಂದರೆ ತಪಾಸಣೆ. ಏನು, ಎತ್ತ ಎಂದು ಫೋನಿನಲ್ಲಿ ಬಿಡಿಸಿ ಹೇಳಲಿಲ್ಲ.

ಮಿರಜ ಸ್ಟೇಷನ್ನಿನ ಹೊರಗೆ ಚಹಾ ಕುಡಿದು, ಸಾಂಗಲಿಯವರೆಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ಕಾರ್ತಿಕದ ತಿಳಿಬಿಸಿಲು, ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಕುಪವಾಡ ಎಂಐಡಿಸಿಯ ಕಾರ್ಖಾನೆಯಲ್ಲಿ ಮೊದಲ ಪಾಳಿ ಮುಗಿಸಿದ ಭರತ ಮೋಟರ್ ಸೈಕಲ್ಲಿನಲ್ಲಿ ಬಂದು ಕರೆದುಕೊಂಡು ಹೋದ. ಊರಿನ ಹೆಸರು ಬರೆಯಬೇಡಿ ಎಂದು ಅವನು ಆಮೇಲೆ ಬೇಡಿಕೊಂಡಿದ್ದರಿಂದ, ಅದು ಕೃಷ್ಣೆಯ ದಂಡೆಯಲ್ಲಿದೆ ಎಂದಷ್ಟೇ ಹೇಳಬಲ್ಲೆ.

ಊರಿನಿಂದ ಮೇಲೆ, ಬೋಳು ಮಾಳದಲ್ಲಿ ಹನ್ನೊಂದು ತಗಡಿನ ಮನೆಗಳಿದ್ದವು. ಹೊಳೆ ಎರಡು ಸಲ ಏರಿ ಬಂದ ಮೇಲೆ ಕೆಳಗಿನ ಹಳೇ ವಸ್ತಿಯ ಹನ್ನೊಂದು ಮನೆಯವರೂ ಇಲ್ಲಿಗೆ ಬಂದು ನಿಂತಿದ್ದರು. ಎಲ್ಲರೂ ನಮ್ಮಂತೆ ಜೈನರು, ಮನೆಯಲ್ಲಿ ಅಷ್ಟಿಷ್ಟು ಕನ್ನಡ, ಬಾಗಿಲಾಚೆ ಮರಾಠಿ. ಮಾಳದಲ್ಲಿ ನಳ ಇರಲಿಲ್ಲ. ಭರತನ ಹೆಂಡತಿ ಸುಜಾತಾಗೆ ಎಂಟನೇ ತಿಂಗಳು. ನೀರಿಗೆ ಅವಳು ಒಂದೂವರೆ ಕಿಲೋಮೀಟರ್ ಇಳಿದು ಹಳೇ ವಸ್ತಿಗೆ ಹೋಗಬೇಕು, ತುಂಬಿದ ಕೊಡ ಹೊತ್ತು ಏರಬೇಕು.

"ಕೂಸ ಬರೂದ್ರಾಗ ನಳ ಮ್ಯಾಲ ಬರಬೇಕ್ರಿ ದಾದಾ, ಅಷ್ಟಽ" ಎಂದಳು.

ಪೈಪಿನ ಹಣ ಊರಿಗೆ ಬಂದು ಕೂತಿದೆಯಂತೆ. ಆದರೆ ಪಂಚಾಯಿತಿ ಅವಧಿ ಮುಗಿದಿದೆ, ಚುನಾವಣೆ ಆಗಿಲ್ಲ, ಠರಾವು ಮಾಡಲು ಮೆಂಬರುಗಳಿಲ್ಲ. ಪ್ರಶಾಸಕ ಅಂತ ಸರಕಾರ ನೇಮಿಸಿದ ಅಧಿಕಾರಿ ಒಬ್ಬ ಇದ್ದಾನೆ, ಅವನ ಕೈಯಲ್ಲಿ ಇಂಥವೇ ಎಷ್ಟೋ ಹಳ್ಳಿಗಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತಾರೆ. ಇಲ್ಲಿ ಪೂಜಾರಿಯೇ ಇರಲಿಲ್ಲ. ಮಾಳದ ಹೆಸರು ಇನ್ನೂ ಯಾವ ಕಾಗದದಲ್ಲೂ ಏರಿಲ್ಲ. ಹಳೇ ವಸ್ತಿ ಖಾಲಿ ಎಂದು ಪಾಹಣಿಯ ಸಾಹೇಬ ಬರೆದರೆ ಅದರ ಹೆಸರೂ ಹೋಗುತ್ತದೆ, ಇರುವ ಒಂದು ನಳವೂ ಹೋಗುತ್ತದೆ.

"ಅದಕ್ಕ ನಾವು ವಸ್ತಿ ಜೀವಂತ ಇಟ್ಟೇವ್ರಿ" ಎಂದ ಭರತ. "ದಿನಕ್ಕ ಒಂದ ಮನಿ ಪಾಳಿ. ಇವತ್ತ ನಮ್ಮದು."

ಜೀವಂತ ಇಡುವುದು ಎಂದರೇನೆಂದು ಸಂಜೆ ನಾಲ್ಕರ ಹೊತ್ತಿಗೆ ಕಣ್ಣಾರೆ ಕಂಡೆ. ಭರತ, ಸುಜಾತಾ, ನಾನು ಕೆಳಗೆ ಇಳಿದೆವು. ಗೋಡೆಗಳ ಮೇಲೆ ನನ್ನ ತಲೆಗಿಂತ ಎತ್ತರದಲ್ಲಿ ಹೊಳೆಯ ಕೆಸರಿನ ಗೆರೆ. ಸುಜಾತಾ ಹನ್ನೊಂದು ಹೊಸ್ತಿಲ ಮುಂದೆಯೂ ರಂಗೋಲಿ ಹಾಕಿದಳು. ಭರತ ಪ್ರತಿ ಬಾಗಿಲಲ್ಲೂ ಎರಡು ಮೂರು ಜೊತೆ ಹಳೇ ಚಪ್ಪಲಿ ಇಟ್ಟ, ಹಗ್ಗದ ಮೇಲೆ ಸೀರೆ, ಅಂಗಿ ಹರವಿದ, ಒಂದು ಮನೆಯಲ್ಲಿ ರೇಡಿಯೋ ಹಚ್ಚಿದ. ಒಳಗೆ ಇಣುಕಿದರೆ ನೆಲದ ಮೇಲೆ ಒಣಗಿ ಬಿರಿದ ಕೆಸರು. ರೇಡಿಯೋದ ಹೆಣ್ಣುಮಗಳು ಆ ಕೆಸರಿಗೆ ಮರಾಠಿಯಲ್ಲಿ ಹವಾಮಾನ ಹೇಳುತ್ತಿದ್ದಳು. ನಾನು ಹಗಲಿನಲ್ಲಿ ಹೆದರುವ ಆಸಾಮಿಯಲ್ಲ. ಆದರೂ ಒಂದು ಬಾಗಿಲು ದಾಟುವಾಗ ಅಲ್ಲಿದ್ದ ಚಪ್ಪಲಿಗಳನ್ನು ತುಳಿಯದಂತೆ, ಯಾರೋ ಒಳಗಿದ್ದಾರೆಂಬಂತೆ ಪಕ್ಕಕ್ಕೆ ಸರಿದು ನಡೆದೆ. ಭರತನೂ ಹಾಗೇ ಸರಿದ.

ಐದೂವರೆಗೆ, ಸೂರ್ಯ ಇಳಿಯುವ ಮೊದಲು, ಒಂದು ಕಟ್ಟೆಯ ಮೇಲೆ ಕೂತು ರೊಟ್ಟಿ, ಝುಣಕ, ಶೇಂಗಾ ಚಟ್ನಿ ತಿಂದು ಕೈ ತೊಳೆದೆವು. ಕತ್ತಲಾದ ಮೇಲೆ ನಮ್ಮಲ್ಲಿ ಊಟವಿಲ್ಲ, ಒಲೆಯೂ ಇಲ್ಲ. ಸಾಹೇಬರ ಸುಳಿವಿಲ್ಲ. ಹೊತ್ತು ಮುಳುಗಿತು. ಬೀದಿ ದೀಪಗಳು ತಾವಾಗಿಯೇ ಹೊತ್ತಿಕೊಂಡು, ಯಾರೂ ಇಲ್ಲದ ಓಣಿಯನ್ನು ಚೆನ್ನಾಗಿ ತೋರಿಸಿದವು. ಆಗ ಭರತನಿಗೆ ಊರಿನಿಂದ ಫೋನು ಬಂತು: ಸಾಹೇಬ ಊರು ಮುಟ್ಟಿದ್ದಾನೆ.

ನನ್ನ ಮೂವತ್ತು ವರ್ಷದ ಅನುಭವ ಎದ್ದು ನಿಂತಿತು. "ಒಲಿ ಹಚ್ಚೋ ಭರತಾ, ಎಲ್ಲಾ ಮನಿದೂ. ಹೊಗಿ ಕಂಡ್ರ ಮಂದಿ ಅದಾರಂತ ಮತ್ತ ಬ್ಯಾರೆ ಸಾಕ್ಷಿ ಬೇಕಿಲ್ಲ" ಎಂದೆ. ಅವನು ಕಬ್ಬಿನ ಒಣ ರವದಿ ತುರುಕಿ ಹನ್ನೊಂದು ಒಲೆ ಹಚ್ಚಿದ. ಸುಜಾತಾಗೆ ಹೇಳಿಕೊಟ್ಟೆ: "ಎಲ್ಲಿರ್ತೀ ಅಂತ ಕೇಳಿದ್ರ, ಇಲ್ಲೇ ಅನ್ನು." ಅವಳು ಕೊಡ ತೆಗೆದುಕೊಂಡು ನಳದ ಕಡೆ ಹೋದಳು.

ಸಾಹೇಬರು ಐವತ್ತರ ಆಸುಪಾಸಿನವರು, ಕೈಯಲ್ಲಿ ಒಂದು ಫೈಲು. ರಂಗೋಲಿ ನೋಡಿದರು, ಚಪ್ಪಲಿ ನೋಡಿದರು. ಓಣಿಯ ನಡುವೆ ನಿಂತು ಹನ್ನೊಂದು ಹೊಗೆಯನ್ನೂ ನೋಡಿದರು. ಆಮೇಲೆ ಮರಾಠಿ ಬಿಟ್ಟು ಕನ್ನಡದಲ್ಲಿ, ಬಲು ಮೆತ್ತಗೆ ಕೇಳಿದರು.

"ಇದು ಜೈನರ ಓಣಿ ಹೌದಲ್ರಿ?"

"ಹೌದ್ರಿ" ಎಂದೆ.

"ನಾ ಜೈನರ ಮಗ್ಗಲ ಮನ್ಯಾಗ ಬೆಳದಾಂವ. ಹೊತ್ತು ಮುಳುಗಿ ಅರ್ಧಾ ತಾಸ ಆತು. ಹನ್ನೊಂದೂ ಮನ್ಯಾಗ ಒಲಿ ಹ್ಯಾಂಗ ಉರ್ಯಾಕತ್ತಾವ?"

ನನ್ನ ತಾಯಿ ಈ ಹೊತ್ತಿಗೆ ಒಲೆ ಹಚ್ಚಿದ್ದನ್ನು ನಾನು ಬದುಕಿನಲ್ಲಿ ಒಂದು ಸಲವೂ ಕಂಡವನಲ್ಲ. ಕಾಗದದ ಲೆಕ್ಕಾಚಾರದಲ್ಲಿ ಸ್ವಂತ ಮನೆಯ ರೂಢಿಯನ್ನೇ ಮರೆತಿದ್ದೆ.

ಸಾಹೇಬರು ನಳದ ಹತ್ತಿರ ಹೋಗಿ ಸುಜಾತಾಳನ್ನು ಕೇಳಿದರು, "ಎಲ್ಲಿರ್ತೀ ತಂಗಿ?"

ಅವಳು ನನ್ನನ್ನು ನೋಡಿದಳು. ಆಮೇಲೆ ಕೊಡ ನೋಡಿದಳು. "ಇಲ್ಲೆ ಯಾರೂ ಇರೂದಿಲ್ರಿ. ಎಲ್ಲಾರೂ ಮ್ಯಾಲ ಮಾಳದಾಗ ಇರ್ತೀವಿ. ನೀರಿಗೆ ಇವತ್ತ ಇದು ಮೂರನೇ ಖೇಪ."

ಭರತ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಸಾಹೇಬರು ಫೈಲು ಬಿಚ್ಚಿ ನನಗೆ ತೋರಿಸಿದರು. ಎರಡೇ ಖಾನೆ: ಜನ ಇದ್ದಾರೆ, ಜನ ಇಲ್ಲ. "ಇದ್ದಾರ ಅಂತ ಬರದ್ರ ನಳ ಇಲ್ಲೇ ಉಳೀತೈತಿ. ಇಲ್ಲ ಅಂತ ಬರದ್ರ ಇದೂ ಬಂದ್ ಆಗ್ತೈತಿ. ಮ್ಯಾಲ ಇದ್ದಾರ ಅನ್ನಾಕ ಇದರಾಗ ಜಾಗಾ ಇಲ್ರಿ."

"ಶೆರಾ ಬರೀರಿ" ಎಂದೆ. ಕಾಗದದ ಕೊನೆಗೆ ಅಧಿಕಾರಿ ತನ್ನ ಅಭಿಪ್ರಾಯ ಬರೆಯುವ ಎರಡು ಸಾಲಿನ ಜಾಗ ಅದು.

"ನೀವೂ ನೌಕರಿ ಮಾಡಿದವ್ರಂಗ ಕಾಣ್ತೀರಿ. ಒಮ್ಮೆರೆ ಶೆರಾ ಓದೀರೇನ್ರಿ?"

ಓದಿರಲಿಲ್ಲ. ನನ್ನ ಮೇಜಿನ ಮೇಲೆ ಎಷ್ಟು ಓಣಿಗಳು ಹೀಗೆ ಕೊನೆಯ ಎರಡು ಸಾಲಿನಲ್ಲಿ ಕಾಯುತ್ತ ಕೂತಿದ್ದವೋ.

ಅವರು ಇನ್ನೊಮ್ಮೆ ಹೊಗೆ ನೋಡಿ, ಪೆನ್ನನ್ನು ಜೇಬಿಗೆ ಹಾಕಿಕೊಂಡರು. "ನನ್ನ ಗಾಡಿ ಕೆಟ್ಟಿತ್ತು. ನಾ ಇವತ್ತ ಬಂದೇ ಇಲ್ಲ. ಮುಂದಿನ ಪಾಹಣಿ ಮೂರ ತಿಂಗಳಕ್ಕ" ಎಂದರು. ಭರತ ಎದ್ದು ಎರಡೂ ಕೈ ಜೋಡಿಸಿದ. ಸಾಹೇಬರು ಹೋಗುವಾಗ ಅವರೂ ಚಪ್ಪಲಿಗಳನ್ನು ತುಳಿಯದೆ ಪಕ್ಕಕ್ಕೆ ಸರಿದೇ ಹೋದರು. ನಾವು ಒಲೆಗಳಿಗೆ ನೀರು ಹೊಯ್ದು ಆರಿಸಿದೆವು. ಸುಜಾತಾ ಕೊಡ ಎತ್ತಿಕೊಂಡು ಏರು ಹತ್ತತೊಡಗಿದಳು. ನಾನು ಕೊಡ ಕೇಳಿದರೆ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಭರತ ಕೆಲಸಕ್ಕೆ ಹೋಗಿದ್ದ. ಸುಜಾತಾ ಖಾಲಿ ಕೊಡದೊಂದಿಗೆ ಬಸ್ ನಿಲ್ದಾಣದವರೆಗೆ ಬಂದಳು. ಅವಳ ದಾರಿಯೂ ಅದೇ. ಮೂರು ತಿಂಗಳ ಲೆಕ್ಕವನ್ನು ಇಬ್ಬರೂ ಮಾಡಿದ್ದೆವು: ಕೂಸು ಅದಕ್ಕೂ ಮೊದಲೇ ಬರುತ್ತದೆ. ಚಳಿಗೆ ಅವಳು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ನಿಂತಿದ್ದಳು.

"ದಾದಾ, ಕೂಸಿನ ಹೆಸರು ಯಾವ ವಸ್ತಿಯೊಳಗ ಬರಸೂನ್ರಿ?" ಎಂದು ಕೇಳಿದಳು.

ಕಾಗದ ತಿಳಿದವನು ನಾನು. ಇರುವ ಉತ್ತರ ಒಂದೇ. "ಹಳೇದರಾಗ ಬರಸವ್ವ" ಎಂದೆ.

ಅವಳು ಕೆಳಗಿನ ಓಣಿಯ ಕಡೆ ಒಮ್ಮೆ ನೋಡಿದಳು. "ಹಂಗಾರ ಅದೂ ಅಲ್ಲೇ ಇರ್ತೈತಿ ಅಂದಂಗಾತು. ನಾಳಿಂದ ಅದರ ಒಂದ್ ಜೋಡ ಚಪ್ಲಿನೂ ಇಡಬೇಕ್ರಿ."

ಸಾಂಗಲಿಯ ಬಸ್ಸು ಬಂತು. ಅವಳೇ ಕೈ ಮಾಡಿ ನಿಲ್ಲಿಸಿದಳು.