ಗುಲ್ಸುನಳ ಬಿಳಿ ತಲೆವಸ್ತ್ರ

ಬುರುಲ್ ಎಜೆ, ಅಂದರೆ ಬುರುಲ್ ಅಕ್ಕ, ಮೂವತ್ತಾರು ವರ್ಷ ಒಂದೇ ಕಾದಂಬರಿ ಪಾಠ ಮಾಡಿದರು. ಬೇರೆ ಪುಸ್ತಕಗಳೂ ಇದ್ದವು ಅನ್ನಿ, ಆದರೆ ಹನ್ನೊಂದನೇ ತರಗತಿಗೆ ಆ ದಪ್ಪ ಕಾದಂಬರಿಯೇ ಮುಖ್ಯ. ಕೊನೆಯ ಪರೀಕ್ಷೆಯ ಪ್ರಬಂಧ ಬರುವುದೂ ಅದರ ಮೇಲೆಯೇ. ಅದರ ನಾಯಕಿ ಗುಲ್ಸುನ್ ಎಂಬ ವಿಧವೆ ಎಜೆಗೆ ಸ್ವಂತ ನಾದಿನಿಗಿಂತ ಚೆನ್ನಾಗಿ ಗೊತ್ತಿದ್ದಳು, ನಾದಿನಿಗಿಂತ ಹೆಚ್ಚು ಬೇಸರವನ್ನೂ ತಂದಿದ್ದಳು.

ನರೀನ್ ಪಟ್ಟಣದಿಂದ ಎರಡು ಗಂಟೆ ಬಸ್ಸಿನಲ್ಲಿ ಕುಲುಕಾಡಿಕೊಂಡು ಬಂದರೆ ಸಿಗುವ ಊರು ಅದು. ಮೇ ತಿಂಗಳು ಮುಗಿಯುತ್ತ ಬಂದರೂ ತರಗತಿಯ ಕಲ್ಲಿದ್ದಲ ಒಲೆ ಆರುವುದಿಲ್ಲ. ಎಜೆ ಆ ಒಲೆಗೆ ಬೆನ್ನು ಕೊಟ್ಟು ನಿಂತು, ಪುಸ್ತಕ ತೆರೆಯದೆ, ಕಿಟಕಿಯಾಚೆ ಯಾರ ಹಸು ಯಾರ ಬೇಲಿ ನುಗ್ಗಿತು ಎಂದು ನೋಡುತ್ತ ಹೇಳಿ ಬರೆಸುತ್ತಿದ್ದರು. ನಾಯಕಿಯ ಗುಣಗಳು ನಾಲ್ಕು. ಕಪ್ಪು ಕುದುರೆ ಹಳೆಯ ಕಾಲದ ಸಂಕೇತ. ಕೊನೆಯ ಅಧ್ಯಾಯದ ಬಿಳಿ ತಲೆವಸ್ತ್ರ ಹೊಸ ಕಾಲದ ಸಂಕೇತ, ಹೆಣ್ಣಿನ ಬಿಡುಗಡೆಯ ಸಂಕೇತ. ಅಡಿಗೆರೆ ಎಳೆಯಿರಿ. ಮಕ್ಕಳು ಎಳೆಯುತ್ತಿದ್ದರು. ಅವರ ಅಪ್ಪ ಅಮ್ಮಂದಿರೂ ಅದೇ ಬೆಂಚಿನಲ್ಲಿ ಕೂತು ಅದೇ ಸಾಲಿನ ಕೆಳಗೆ ಗೆರೆ ಎಳೆದವರೇ.

ಆ ಸಾಲುಗಳೇನು ಆಕಾಶದಿಂದ ಇಳಿದು ಬಂದವಲ್ಲ. ಇಪ್ಪತ್ತಾರನೇ ವಯಸ್ಸಿನಲ್ಲಿ, ಮದುವೆಯಾದ ಹೊಸತರಲ್ಲಿ, ಎಜೆಯೇ ಬರೆದ ಕೈಪಿಡಿಯವು. ರಾಜಧಾನಿಯಲ್ಲಿ ಅಚ್ಚಾಗಿ, ಹಸಿರು ರಟ್ಟು ಹೊದ್ದು ಜಿಲ್ಲೆಯ ಶಾಲೆಗಳಿಗೆಲ್ಲ ಹಂಚಿಕೆಯಾಗಿತ್ತು. ಪ್ರಬಂಧ ತಿದ್ದುವವರು ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಂಡು, ಅದರ ಮಾತುಗಳು ಉತ್ತರದಲ್ಲಿ ಎಷ್ಟು ಬಂದಿವೆ ಎಂದು ನೋಡಿ ಅಂಕ ಕೊಡುತ್ತಿದ್ದರು. ಇನ್ನು ಒಂದು ತಿಂಗಳಿಗೆ ಎಜೆಯ ನಿವೃತ್ತಿ; ಅವರ ಫೋಟೊ ಹಾಕಿ ಕೈಪಿಡಿಯನ್ನು ಮರುಮುದ್ರಣ ಮಾಡಿಸುತ್ತೇವೆ ಎಂದು ಶಿಕ್ಷಣ ಕಚೇರಿಯವರು ಹೇಳಿಯಾಗಿತ್ತು. ಫೋಟೊಗೆ ಯಾವ ಕೋಟು ಹಾಕಿಕೊಳ್ಳಲಿ ಎಂದು ಯೋಚಿಸುವಷ್ಟು ಉತ್ಸಾಹವೂ ಅವರಲ್ಲಿ ಉಳಿದಿರಲಿಲ್ಲ.

ಆ ವರ್ಷದ ಪ್ರಬಂಧಗಳು ಹದಿನೇಳು. ಹದಿನಾರನ್ನು ಎಜೆ ಚಹಾ ಕುಡಿಯುತ್ತ, ಎಣ್ಣೆಯಲ್ಲಿ ಕರಿದು ಒಣಗಿದ ಬೋರ್ಸೋಕ್ ಕಡಿಯುತ್ತ ತಿದ್ದಿ ಮುಗಿಸಿದರು. ಎಲ್ಲದರಲ್ಲೂ ತಾವೇ ಹೇಳಿದ್ದು ತಮಗೇ ವಾಪಸು ಬಂದಿತ್ತು. ಹದಿನೇಳನೆಯದು ಕುಂದುಜಳದು. ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಬಾತ್ಮಾಳ ಮಗಳು, ಶಾಲೆಗೆಲ್ಲ ಚಿನ್ನದ ಪದಕದ ಒಬ್ಬಳೇ ಅಭ್ಯರ್ಥಿ. ಪದಕ ಬಂದರೆ ರಾಜಧಾನಿ ಬಿಷ್ಕೆಕ್‌ನಲ್ಲಿ ವೈದ್ಯಕೀಯ ಓದಲು ಉಚಿತ ಸೀಟು. ಬರದಿದ್ದರೆ ಅವಳೂ ಅಮ್ಮನ ಪಕ್ಕ ನಿಂತು ಆಲೂಗಡ್ಡೆ ಸುಲಿಯಬೇಕು, ಬೇರೆ ದಾರಿಯಿರಲಿಲ್ಲ. ಪ್ರಬಂಧದಲ್ಲಿ ಐದಕ್ಕೆ ಐದು ಬಂದರೆ ಮಾತ್ರ ಪದಕ.

ಮೊದಲ ಮೂರು ಪುಟ ನೆಟ್ಟಗಿತ್ತು. ನಾಲ್ಕನೆಯದಕ್ಕೆ ಬಂದಾಗ ಎಜೆ ಚಹಾದ ಬಟ್ಟಲು ಕೆಳಗಿಟ್ಟರು.

ಗುಲ್ಸುನ್ ತನಗೆ ತಾನೇ ಬಿಳಿ ಬಟ್ಟೆ ಕಟ್ಟಿಕೊಳ್ಳಲಿಲ್ಲ ಎಂದು ಹುಡುಗಿ ಬರೆದಿದ್ದಳು. ಕಟ್ಟಿದ್ದು ಅತ್ತೆ. ಗಂಡನ ವರ್ಷದೂಟ ಮುಗಿದಿತ್ತು, ಬಂದವರು ಕುದುರೆ ಮಾಂಸ ಉಂಡು ಕೈ ತೊಳೆದಿದ್ದರು, ಇನ್ನು ಇವಳು ಅತ್ತಿದ್ದು ಸಾಕು ಎಂದು ಹಿರಿಯರು ತೀರ್ಮಾನಿಸಿ ಶೋಕದ ಕಪ್ಪು ತಲೆವಸ್ತ್ರ ಬಿಚ್ಚಿಸಿದರು. ‘ಮುನ್ನೂರ ಹನ್ನೆರಡನೇ ಪುಟದಲ್ಲಿ, ಕಟ್ಟುವಷ್ಟು ಹೊತ್ತೂ ಅವಳ ಕೈಗಳು ಮಂಡಿಯ ಮೇಲೇ ಇದ್ದವು ಎಂದಿದೆ. ಮನಸ್ಸಿದ್ದು ಕಟ್ಟಿಸಿಕೊಳ್ಳುವವಳು ಕೈ ಎತ್ತಿ ಗಂಟು ಸರಿಮಾಡಿಕೊಳ್ಳುತ್ತಾಳೆ. ಈ ಬಿಳಿ ಬಿಡುಗಡೆಯ ಸಂಕೇತವಲ್ಲ. ನಿನ್ನ ದುಃಖ ನಮಗೆ ಸಾಕಾಯಿತು ಎಂದು ಉಳಿದವರು ಹೇಳುವ ರೀತಿ.’

ಎಜೆ ಬೀರುವಿನಿಂದ ಕಾದಂಬರಿ ತೆಗೆದರು. ಅದನ್ನು ಬಿಚ್ಚಿ ಎಷ್ಟು ವರ್ಷವಾಗಿತ್ತೋ, ಹಾಳೆಗಳು ಅಂಟಿಕೊಂಡಿದ್ದವು. ಮುನ್ನೂರ ಹನ್ನೆರಡು. ಕೈಗಳು ಮಂಡಿಯ ಮೇಲೇ ಇದ್ದವು. ಇಪ್ಪತ್ತಾರರ ಹುಡುಗಿ ಬುರುಲ್ ಆ ಸಾಲನ್ನು ಹಾರಿಸಿಕೊಂಡು ಹೋಗಿದ್ದಳು. ಆಗ ಅವಳಿಗೇನು ಗೊತ್ತಿತ್ತು, ಗಂಡ ಝುಮಾಶ್ ದಿನಾ ಸಂಜೆ ಕಲ್ಲಿದ್ದಲ ಲಾರಿ ನಿಲ್ಲಿಸಿ, ಕಪ್ಪು ಮುಖದಲ್ಲಿ ಹಲ್ಲು ತೋರಿಸುತ್ತ ಒಳಗೆ ಬರುತ್ತಿದ್ದ ಕಾಲವದು.

ಆ ಝುಮಾಶ್ ಹೋಗಿ ಈಗ ಒಂಬತ್ತು ವರ್ಷ. ಅವನ ವರ್ಷದೂಟದ ದಿನ ಅತ್ತೆಯೂ ಓರಗಿತ್ತಿಯರೂ ಬುರುಲಳನ್ನು ನಡುವೆ ಕೂರಿಸಿ ಕಪ್ಪು ಬಿಚ್ಚಿ ಬಿಳಿ ಕಟ್ಟಿದರು. ಯಾರೋ ಸಕ್ಕರೆ ಮಿಠಾಯಿ ಎರಚಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು, ಅದರಲ್ಲಿ ಅನುಮಾನವಿಲ್ಲ. ಅದಾದ ಸೋಮವಾರ ಎಜೆ ತರಗತಿಗೆ ಹೋಗಿ ಬಿಳಿ ತಲೆವಸ್ತ್ರ ಹೆಣ್ಣಿನ ಬಿಡುಗಡೆಯ ಸಂಕೇತ ಎಂದು ಬರೆಸಿದರು. ನಾಲಿಗೆ ತಡವರಿಸಲೂ ಇಲ್ಲ. ಮುಂದಿನ ವರ್ಷವೂ ಬರೆಸಿದರು, ಅದರ ಮುಂದಿನ ವರ್ಷವೂ. ಈಗ ಆ ಸಾಲು ನೆನಪಾಗಿ ಅವರಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಸುಸ್ತಾಯಿತು.

ಕೈಪಿಡಿಯಂತೆ ಲೆಕ್ಕ ಹಾಕಿದರೆ ಆ ಪ್ರಬಂಧಕ್ಕೆ ಮೂರೇ ಅಂಕ. ಅಷ್ಟರಲ್ಲಿ ಉಪಮುಖ್ಯೋಪಾಧ್ಯಾಯ ಎಸೆನ್‌ಬೆಕ್ ಬಂದ. ಇವನೂ ಒಂದು ಕಾಲದಲ್ಲಿ ಎಜೆಯ ಮುಂದೆ ಕೂತು ಗೆರೆ ಎಳೆದವನೇ. ನಾಲ್ಕನೇ ಪುಟ ಓದಿ ತಲೆ ಕೆರೆದುಕೊಂಡ, ಆಮೇಲೆ ನಕ್ಕ. ಅದಕ್ಕೇನಂತೆ, ಪ್ರತಿ ವರ್ಷದ ಹಾಗೆ ಮಾಡಿದರಾಯಿತಲ್ಲ ಎಂದ. ಪ್ರತಿ ವರ್ಷದ ಕೆಲಸ ಎಂದರೆ ಇಷ್ಟೇ: ಪದಕದ ಮಕ್ಕಳ ಪ್ರಬಂಧ ಜಿಲ್ಲೆಗೆ ಹೋಗುವ ಮೊದಲು ಅವರನ್ನು ಮೆಲ್ಲಗೆ ಕರೆಸಿ, ಅದೇ ಪೆನ್ನಿನಲ್ಲಿ, ಮುದ್ರೆಯಿರುವ ಹಾಳೆಯ ಮೇಲೆ ತಪ್ಪಿಲ್ಲದಂತೆ ಮತ್ತೆ ಬರೆಸುವುದು. ಎಲ್ಲ ಶಾಲೆಗಳಲ್ಲೂ ನಡೆಯುತ್ತಿತ್ತು, ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

“ಹೀಗೇ ಕಳಿಸಿದ್ರೆ ಏನಾಗುತ್ತೆ?” ಎಂದರು ಎಜೆ.

“ಏನಾಗುತ್ತೆ, ಮಗು ಮನೆಗೆ ಹೋಗುತ್ತೆ. ಎಜೆ, ಉತ್ತರ ಬರೆದೋರು ನೀವು. ನಿಮ್ಮ ಪುಸ್ತಕಾನೇ ಸುಳ್ಳು ಅಂದೋಳಿಗೆ ಪದಕ ಕೊಡೋಕೆ ಅವರಿಗೇನು ತಲೆ ಕೆಟ್ಟಿದೆಯಾ?” ಎಂದು ಎಸೆನ್‌ಬೆಕ್ ಎರಡು ಖಾಲಿ ಹಾಳೆ ಮೇಜಿನ ಮೇಲಿಟ್ಟು ಹೋದ.

ಮರುದಿನ ಮಧ್ಯಾಹ್ನ ಕುಂದುಜ್ ಬಂದಳು. ವಿಷಯ ತಿಳಿಸಿದಾಗ ವಾದ ಮಾಡಲಿಲ್ಲ. ಹುಡುಗಿ ಜಗಳವಾಡಿದ್ದರೆ ಎಜೆಗೆ ಎಷ್ಟೋ ಹಗುರವಾಗುತ್ತಿತ್ತು. ಹಿರಿಯರ ದನಿಯಲ್ಲಿ ಗದರಿ ಕೂರಿಸಿಬಿಡಬಹುದಿತ್ತು. ಅವಳು ಬೆಂಚಿನಲ್ಲಿ ಕೂತು, ಪೆನ್ನಿನ ಮುಚ್ಚಳ ತೆಗೆದು, ಹೇಳಿ ಎನ್ನುವಂತೆ ಮುಖ ಎತ್ತಿದಳು. ಎಜೆ ಒಲೆಗೆ ಬೆನ್ನು ಕೊಟ್ಟು ಬಾಯಿಪಾಠ ಹೇಳಿದರು. ಹೊಸ ಕಾಲ, ಬಿಡುಗಡೆ, ಬೆಳಕು, ಎಲ್ಲವೂ ಅವಳ ದುಂಡನೆಯ ಅಕ್ಷರದಲ್ಲಿ ಇಳಿಯಿತು. ಅರ್ಧ ಗಂಟೆಯ ಕೆಲಸ.

ಮುಗಿದ ಮೇಲೆ ಎಜೆ ಸುಮ್ಮನಿರಲಾರದೆ ಕೇಳಿದರು. “ಬೇಜಾರಾಯ್ತೇನೇ?”

“ಇಲ್ಲ ಎಜೆ. ಚಳಿಗಾಲದಲ್ಲಿ ಅಪ್ಪನ ವರ್ಷದೂಟ ಆದಾಗ ಅಮ್ಮನಿಗೂ ದೊಡ್ಡಮ್ಮಂದಿರು ಬಿಳಿ ಕಟ್ಟಿದ್ರು. ಅವಳೂ ಏನೂ ಅನ್ನಲಿಲ್ಲ. ನಮ್ಮ ಒಳ್ಳೇದಕ್ಕೇ ಮಾಡ್ತಾರಲ್ವಾ.”

ಅದರಲ್ಲಿ ಕೊಂಕಿರಲಿಲ್ಲ. ಹುಡುಗಿ ಬರೆದು ಮುಗಿಸಿದ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ಹೊರಡಲು ಅಪ್ಪಣೆಗಾಗಿ ಕಾಯುತ್ತಿದ್ದಳು. ಎಜೆ ಆ ಕೈ ನೋಡಿದರು. ಇಷ್ಟು ಹೊತ್ತು ತಾವು ಮಾಡಿದ್ದೇನು ಎಂಬುದು ಆಗ ಅವರಿಗೆ ಗೊತ್ತಾಯಿತು.

“ನೀನು ಮೊದಲು ಬರೆದಿದ್ದೇ ಸರಿ. ನಾನು ತಪ್ಪು ಬರೆಸಿದ್ದೆ, ನಿನಗೂ, ನಿನ್ನ ಅಮ್ಮನಿಗೂ. ಅದನ್ನೇ ತಗೊಂಡು ಹೋಗಿ ಕೇಳ್ತೀನಿ. ಆಗಲ್ಲ ಅಂದ್ರೆ ಈ ಹೊಸದನ್ನ ಕೊಡ್ತೀನಿ. ನಿನ್ನ ಸೀಟು ಹೋಗೋಕೆ ಬಿಡಲ್ಲ. ಒಪ್ಪಿಗೆನಾ?”

ಕುಂದುಜ್ ಬಹಳ ಹೊತ್ತು ಮುದ್ರೆಯ ಹಾಳೆ ನೋಡಿದಳು. ಆಮೇಲೆ ಆಗಲಿ ಎಂದು ತಲೆಯಾಡಿಸಿದಳು.

ಎರಡೂ ಪ್ರತಿ ಚೀಲದಲ್ಲಿಟ್ಟುಕೊಂಡು ಎಜೆ ಬೆಳಗಿನ ಬಸ್ಸು ಹತ್ತಿದರು. ಸಾಹಸ ಮಾಡುವ ವಯಸ್ಸೂ ಅಲ್ಲ, ಮೈಯೂ ಅಲ್ಲ. ದಾರಿಯುದ್ದಕ್ಕೂ ಮೊಣಕಾಲು ನೋಯುತ್ತಿತ್ತು, ಇದೆಲ್ಲ ಯಾಕೆ ಬೇಕಿತ್ತು ನನಗೆ ಎಂದು ನಾಲ್ಕು ಸಲವಾದರೂ ಅಂದುಕೊಂಡರು. ಶಿಕ್ಷಣ ಕಚೇರಿಯಲ್ಲಿ ಪ್ರಬಂಧ ತಿದ್ದುವ ಸಮಿತಿಯ ಮುಖ್ಯಸ್ಥೆ ಮೂವತ್ತೈದರ ಚುರುಕು ಹೆಂಗಸು. ಮೇಜಿನ ಮೇಲೆ ಹಸಿರು ಕೈಪಿಡಿ ಇತ್ತು. ನಾಲ್ಕನೇ ಪುಟ ಓದಿ, ಚೆನ್ನಾಗಿದೆ, ಆದರೆ ಉತ್ತರದಲ್ಲಿ ಹೀಗಿಲ್ಲವಲ್ಲ ಎಂದಳು.

“ಆ ಉತ್ತರ ಬರೆದವಳು ನಾನೇ. ಅದು ತಪ್ಪು.”

ಮುಖ್ಯಸ್ಥೆ ಪೆನ್ನು ಕೆಳಗಿಟ್ಟಳು. ಇಷ್ಟು ವರ್ಷದ ಮೇಲೆ ಈಗ ಗೊತ್ತಾಯಿತೇ ಎಂದು, ವ್ಯಂಗ್ಯವಿಲ್ಲದೆಯೇ ಕೇಳಿದಳು.

“ಈಗಲ್ಲಮ್ಮ. ಎಂಟು ವರ್ಷದಿಂದ ಗೊತ್ತಿತ್ತು. ಹೇಳೋಕೆ ಶಕ್ತಿ ಇರಲಿಲ್ಲ.”

ಹಾಗಾದರೆ ಬರೆದು ಕೊಡಿ ಎಂದಳು ಮುಖ್ಯಸ್ಥೆ. ಕೈಪಿಡಿಯ ಐವತ್ತೊಂದನೇ ಪುಟ ತಪ್ಪೆಂದೂ, ಹುಡುಗಿಯ ಉತ್ತರ ಕಾದಂಬರಿಗೆ ಹೆಚ್ಚು ನಿಷ್ಠವಾಗಿದೆಯೆಂದೂ ಬರೆದು ಎಜೆ ಸಹಿ ಹಾಕಿದರು. ಬರೆದವಳೇ ತಪ್ಪು ಎಂದ ಮೇಲೆ ಸಮಿತಿ ಯಾವುದನ್ನು ಹಿಡಿದುಕೊಂಡು ವಾದ ಮಾಡಬೇಕು? ಐದಕ್ಕೆ ಐದು ಹಾಕಿದರು. ಅದೇ ಕಾಗದದ ಬಲದ ಮೇಲೆ ಕೈಪಿಡಿಯನ್ನು ಶಾಲೆಗಳಿಂದ ವಾಪಸು ತರಿಸಿಕೊಳ್ಳಲು ಆದೇಶವಾಯಿತು. ಮರುಮುದ್ರಣವೂ ಇಲ್ಲ, ಫೋಟೊವೂ ಇಲ್ಲ. ಬೀಳ್ಕೊಡುಗೆಯ ಚಹಾದಲ್ಲಿ ಎಸೆನ್‌ಬೆಕ್ ಎರಡು ನಿಮಿಷ ಮಾತಾಡಿ, ಎಜೆಯ ಮುಖ ನೋಡದೆ ಕೂತ. ಮೂವತ್ತಾರು ವರ್ಷಕ್ಕೆ ಎರಡು ನಿಮಿಷ. ಅವರಿಗೆ ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಜುಲೈಯಲ್ಲಿ ಒಂದು ಮಧ್ಯಾಹ್ನ ಬಾತ್ಮಾ ಮನೆಗೆ ಬಂದಳು. ಕಂಕುಳಲ್ಲಿ ಬಟ್ಟೆ ಸುತ್ತಿದ ಬಿಸಿ ರೊಟ್ಟಿ, ತಲೆಗೆ ಬಿಳಿ ವಸ್ತ್ರ. ಮಗಳಿಗೆ ಸೀಟು ಸಿಕ್ಕಿತು ಎಂದಳು. ಎಜೆ ಹಾಲು ಹಾಕಿದ ಚಹಾ ಕೊಟ್ಟರು. ಬಾತ್ಮಾ ಒಂದು ಬಟ್ಟಲು ಕುಡಿದಳು, ಎರಡನೆಯದನ್ನೂ ಕುಡಿದಳು, ಆದರೂ ಏಳಲಿಲ್ಲ.

“ಆ ಪ್ರಬಂಧದಲ್ಲಿ ನನ್ನ ವಿಷಯ ಬರೆದಿದ್ಲಂತೆ ಹೌದಾ ಎಜೆ? ಕೇಳಿದ್ರೆ ಬಾಯಿ ಬಿಡಲ್ಲ.”

“ನಿನ್ನ ಹೆಸರು ಬರೆದಿಲ್ಲ. ಗುಲ್ಸುನ್ ಅಂತ ಒಬ್ಬಳ ವಿಷಯ. ಬಿಳಿ ಕಟ್ಟುವಾಗ ಅವಳು ಕೈ ಎತ್ತಲಿಲ್ಲ ಅಂತ.”

ಬಾತ್ಮಾ ಪಾತ್ರೆ ತೊಳೆಯುವ ಸೋಡದಿಂದ ಒಡೆದ ತನ್ನ ಕೈ ಕಡೆ ನೋಡಿದಳು. “ನೋಡಿದ್ಲಾ ಅವಳು,” ಎಂದಳು. ಆಮೇಲೆ ಮುಖ ಎತ್ತಿ, “ನಿಮಗೆ ಕಟ್ಟಿದಾಗ?”

ಎಂಟು ವರ್ಷದಲ್ಲಿ ಯಾರೂ ಇದನ್ನು ಅವರಿಗೆ ಕೇಳಿರಲಿಲ್ಲ. ಎಲ್ಲರಿಗೂ ಉತ್ತರ ಹೇಳಿ ಬರೆಸಿದವರು, ಈ ಪ್ರಶ್ನೆಗೆ ಸರಿಯುತ್ತರ ಹುಡುಕಲು ಹೋಗಲಿಲ್ಲ.

“ನಾನೂ ಎತ್ತಲಿಲ್ಲ,” ಎಂದರು ಬುರುಲ್ ಎಜೆ. “ನಂದಿನ್ನೂ ಮುಗಿದಿಲ್ಲ ಬಾತ್ಮಾ.”

ಬಾತ್ಮಾ ಎದ್ದು ಬಾಗಿಲು ಮುಂದೆ ಮಾಡಿ ಬಂದಳು. ಅವತ್ತು ಇಬ್ಬರೂ ಕೂತು ಅತ್ತರು, ಹಟ್ಟಿಯಿಂದ ಹಸು ಕೂಗುವವರೆಗೂ.