ಎರಡನೇ ಸೂಜಿಯ ಸಾವಿತ್ರಮ್ಮ

ಬಿಕ್ಕೋಡಿನಲ್ಲಿ ಊಟ ಮಾಡದ ಮಕ್ಕಳಿಗೆ ಯಾರೂ ಗುಮ್ಮನನ್ನು ತೋರಿಸುತ್ತಿರಲಿಲ್ಲ. "ತಿಂತೀಯೋ, ಸಾವಿತ್ರಮ್ಮ ಸಿಸ್ಟರ್‌ನ ಕರೀಲೋ?" ಅಂದರೆ ಸಾಕು, ಮುದ್ದೆ ತಾನಾಗಿ ಗಂಟಲಿಳಿಯುತ್ತಿತ್ತು. ಅರಸೀಕೆರೆ ಕಡೆಯ ಆ ನರ್ಸಮ್ಮನದು ಕುಳ್ಳು ಮೈ, ಬಿರುಸು ನಡಿಗೆ, ಗಟ್ಟಿ ಗಂಟಲು. ನಾನು ಆಸ್ಪತ್ರೆಯ ಜೀಪಿನಲ್ಲಿ ಮೈಕು ಹಿಡಿದು ಕೂಗುವವನು. ಡಾಕ್ಟರು, ಡ್ರೈವರು, ತೋಟದ ಲೆಕ್ಕ ಬರೆಯುವ ರೈಟರು, ಎಲ್ಲರನ್ನೂ ಅಣಕಿಸುತ್ತಿದ್ದೆ. ಸ್ವಂತ ದನಿಯಲ್ಲಿ ಮಾತಾಡಿದರೆ ನಮ್ಮವ್ವನೇ "ಯಾರ್ಲಾ ಅದು?" ಅನ್ನುತ್ತಿದ್ದಳು. ಸಿಸ್ಟರ್ ದನಿಯನ್ನೇ ಅವರೆದುರು ಅಣಕಿಸಿದಾಗ ಅವರು ನಗಲಿಲ್ಲ. "ನನ್ನಂಗೆ ಕೂಗೋದು ಸುಲಭ ಕಣೋ, ನನ್ನಂಗೆ ನಡಿ ನೋಡಾನ" ಅಂದರು.

ಆ ವರ್ಷ ಕಾಫಿತೋಟದ ಆಳುಗಳ ಲೈನ್‌ಮನೆಗಳ ಸಂಸಾರಗಳು ಮಕ್ಕಳನ್ನೂ ಕಟ್ಟಿಕೊಂಡು ಶಿವಮೊಗ್ಗ ಸೀಮೆಯ ಕಾಡಂಚಿಗೆ ಕೂಲಿಗೆ ಹೊರಡುವುದರಲ್ಲಿದ್ದವು. ಅಲ್ಲಿ ಮಂಗಗಳು ಸಾಯುತ್ತಿದ್ದವು. ಸತ್ತ ಮಂಗದ ಮೈಯಿಂದ ಉದುರುವ ಉಣುಗು ಕಚ್ಚಿದರೆ ಮಂಗನ ಕಾಯಿಲೆ. ಅದಕ್ಕೆ ಮದ್ದಿಲ್ಲ, ಲಸಿಕೆಯೊಂದೇ ದಾರಿ. ತಿಂಗಳ ಅಂತರದಲ್ಲಿ ಎರಡು ಸೂಜಿ, ಮಳೆಗಾಲ ಕಳೆದ ಮೇಲೆ ಮೂರನೆಯದು. ಮೊದಲನೆಯದು ಎಷ್ಟು ಉರಿಯಿತೆಂದರೆ, ಎರಡನೆಯದಕ್ಕೆ ಹೋದಾಗ ಲೈನಿನಲ್ಲಿ ಮಕ್ಕಳೇ ಇಲ್ಲ. ಎಲ್ಲ ಕಾಫಿಗಿಡಗಳೊಳಗೆ ಮಾಯ.

"ಹೋಗ್ಲಿ ಬಿಡಿ ಸಿಸ್ಟರ್, ಒಂದ್ ಸೂಜಿ ಆಗೈತಲ್ಲ" ಅಂದಳು ಗಂಗಮ್ಮ ಎಂಬ ತಾಯಿ.

"ಒಂದೇ ಕಾಲಿಗೆ ಚಪ್ಪಲಿ ಮೆಟ್ಕೊಂಡು ಮುಳ್ಳು ತುಳೀತೀಯೇನೇ? ನನ್ನ ಹೆಸರು ಹೇಳಿ ಉಣ್ಣಿಸಿದ್ರಲ್ಲ, ಈಗ ನೀವೇ ಹುಡುಕ್ಕೊಂಡ್ ಬನ್ನಿ. ನಾನಂತೂ ಏಳಲ್ಲ." ಲಸಿಕೆಯ ಐಸ್ ಡಬ್ಬದ ಪಕ್ಕ ಕಲ್ಲಿನ ಮೇಲೆ ಕೂತೇಬಿಟ್ಟರು.

ತಾಯಂದಿರು ಕೂಗಿದರು. ಒಂದು ಎಲೆಯೂ ಅಲುಗಲಿಲ್ಲ. ಆಗ ಸಿಸ್ಟರ್ ಕಣ್ಣು ನನ್ನ ಮೇಲೆ ಬಿತ್ತು.

"ಬಾರೋ ಇಲ್ಲಿ. ನಿಂದೂ ಎರಡನೇದು ಬಾಕಿ ಐತೆ."

"ಕೈಯಾಗೆ ಮೈಕೈತೆ ಸಿಸ್ಟರ್."

"ಇರ್ಲಿ, ಹಿಡ್ಕೊಂಡೇ ಇರು. ಇನ್ನೊಂದು ತೋಳು ಖಾಲಿ ಐತಲ್ಲ."

ಸೂಜಿ ಇಳಿಯಿತು. ನನ್ನ "ಅಯ್ಯಯ್ಯೋ, ಅವ್ವಾ" ಸ್ಪೀಕರಿನಿಂದ ಹೊರಟು ತೋಟವೆಲ್ಲ ಸುತ್ತಿ ಬಂತು. ಆ ದನಿ ಮಾತ್ರ ಯಾರಿಂದಲೂ ಕದ್ದದ್ದಲ್ಲ. ಗಿಡಗಳೊಳಗೆ ಕಿಸಕ್ಕೆಂಬ ನಗು. ಅಳುವ ಮೈಕಿನವನನ್ನು ಹತ್ತಿರದಿಂದ ನೋಡಲು ಒಂದೊಂದೇ ತಲೆ ಹೊರಬಂತು.

ಮುಂದೆ ನಿಂತವಳು ಗಂಗಮ್ಮನ ಎಂಟು ವರ್ಷದ ಮಗಳು ಲಕ್ಷ್ಮಿ. "ನೋಯ್ತದಾ?" ಅಂದಳು.

"ಇರುವೆ ಕಚ್ಚಿದಂಗೆ ಕಣವ್ವ" ಎಂದು ತಾಯಿ ಬಾಯಿ ಹಾಕಿದಳು.

"ಸುಳ್ಳು ಹೇಳ್ಬೇಡ" ಅಂದರು ಸಿಸ್ಟರ್. "ನೋಯ್ತದೆ ಮಗ. ಉರೀತದೆ, ನಾಳೆ ತೋಳೆತ್ತಕ್ಕೂ ಆಗಲ್ಲ. ಆದ್ರೆ ಆ ಜ್ವರ ಬಂದೋರು ಮೇಲೇಳೋದೇ ಕಷ್ಟ. ಈಗ ನೀನೇ ಹೇಳು."

ಲಕ್ಷ್ಮಿ ಯೋಚಿಸಿದಳು. ನನ್ನ ಒದ್ದೆ ಕಣ್ಣು ನೋಡಿದಳು. ತೋಳು ಚಾಚಿದಳು. ಅಳಲಿಲ್ಲ, ನನ್ನ ಮಾನ ತೆಗೆಯಲೆಂದೇ ಇರಬೇಕು. ಸಂಜೆಯೊಳಗೆ ಲೈನಿನ ಮಕ್ಕಳದ್ದೆಲ್ಲ ಮುಗಿಯಿತು.

ಕೂಲಿಗೆ ಹೋದವರೆಲ್ಲ ಬೇಸಿಗೆ ಮುಗಿಸಿ ಸುಖವಾಗಿ ಮರಳಿದರು. ಅಷ್ಟರಲ್ಲಿ ಸಿಸ್ಟರ್‌ಗೆ ವರ್ಗವಾಯಿತು. ಬೇಲೂರು ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ "ಮೂರನೇದು ಮರೀಬೇಡ್ರೋ" ಅಂದದ್ದೇ ಕೊನೆ. ಮತ್ತೆ ಅವರನ್ನು ನೋಡಿಲ್ಲ.

ಮಳೆ ಹಿಂಗಿದ ಮೇಲೆ ಆ ಮೂರನೆಯದಕ್ಕೆ ಹೊಸ ಸಿಸ್ಟರ್ ಜೊತೆ ಹೋದೆ. ಮೈಕು ಎತ್ತುವ ಮೊದಲೇ ಮಕ್ಕಳು ಸಾಲು ನಿಂತಿದ್ದರು. ಹೊಸಬರು ಲಕ್ಷ್ಮಿಯ ತೋಳು ಹಿಡಿದು, "ಏನೂ ನೋಯಲ್ಲ ಪುಟ್ಟಿ" ಅಂದರು.

"ನೋಯ್ತದೆ" ಅಂದಳು ಅವಳು. "ಹಾಕಿ."