ಪ್ರಭಾ ಅಡಿ ಕಟ್ಟಿದ ಬುಟ್ಟಿ

ಪ್ರಭಾಳ ಎಡಗೈ ತೋರುಬೆರಳಿನ ಉದ್ದಕ್ಕೂ ಮೂರು ಗೆರೆಗಳಿವೆ. ಸ್ಯಾನ್ ಮಟಿಯೋದ ಡೇಕೇರಿನಲ್ಲಿ ಜೊತೆಗೆ ಕೆಲಸ ಮಾಡುವವರು ಕೇಳಿದರೆ ಅಡುಗೆಮನೆಯ ಚಾಕು ತಗುಲಿದ್ದು ಎನ್ನುತ್ತಾಳೆ. ಮಗಳು ನಿಸರ್ಗಾಳಿಗೂ ಹಾಗೆಯೇ ಹೇಳಿದ್ದಾಳೆ. ಅವು ಬಿದಿರಿನ ಸೀಳು ಎಳೆದು ಬಿಟ್ಟ ಗುರುತುಗಳು. ಹೊಳೆನರಸೀಪುರದ ಮೇದರ ಬೀದಿಯಲ್ಲಿ, ಒಂಬತ್ತನೇ ವಯಸ್ಸಿನಿಂದ ಮದುವೆಯಾಗುವವರೆಗೂ, ತಾಯಿ ಸಣ್ಣತಾಯಮ್ಮನ ಪಕ್ಕದಲ್ಲಿ ಕೂತು ಅವಳು ಮೊರ, ಮಂಕರಿ, ತೊಟ್ಟಿಲು ಹೆಣೆದಿದ್ದಳು.

ಗಂಡ ಶಿವರಾಮು ಅದೇ ಜಾತಿಯವನು, ಇಂಜಿನಿಯರು. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಇಬ್ಬರೂ ಈ ದೇಶಕ್ಕೆ ಬಂದಾಗ ಕೇಳಿದವರಿಗೆ ನಿಜವನ್ನೇ ಹೇಳುತ್ತಿದ್ದರು. ಮುಂದಿನ ವರ್ಷ ಇಲ್ಲಿನ ಎರಡು ಕನ್ನಡದ ಮನೆಗಳಿಂದ ಗೌರಿಹಬ್ಬದ ಕರೆ ಬರಲಿಲ್ಲ. ಯಾರೂ ಏನೂ ಅಂದಿರಲಿಲ್ಲ, ಜಗಳವಾಗಿರಲಿಲ್ಲ. ಕರೆ ನಿಂತಿತ್ತು, ಅಷ್ಟೆ. ಅವರು ಅಪಾರ್ಟ್‌ಮೆಂಟು ಬದಲಾಯಿಸಿದರು. ಇಲ್ಲಿ ಯಾರೂ ನೇರವಾಗಿ ಜಾತಿ ಕೇಳುವುದಿಲ್ಲ, ಮನೆದೇವರು ಯಾವುದು ಎಂದು ಕೇಳುತ್ತಾರೆ. ಶಿವರಾಮು ಅದಕ್ಕೊಂದು ಉತ್ತರ ಮಾಡಿಟ್ಟುಕೊಂಡ: ಮಾದೇಶ್ವರ. ಆ ದೇವರಿಗೆ ಎಲ್ಲ ಜಾತಿಯವರೂ ನಡೆದುಕೊಳ್ಳುತ್ತಾರೆ. ಆ ಉತ್ತರದಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ನಿಸರ್ಗಾ ಹುಟ್ಟಿದ್ದು ಇಲ್ಲಿಯೇ. ಅಜ್ಜಿ ಊರಿನಲ್ಲಿ ಅಂಗಡಿ ಇಟ್ಟಿದ್ದರು ಎಂಬುದಷ್ಟೇ ಅವಳಿಗೆ ಗೊತ್ತು. ಸಣ್ಣತಾಯಮ್ಮ ತೀರಿಕೊಂಡು ಹನ್ನೊಂದು ವರ್ಷವಾಯಿತು.

ಬರ್ಕ್ಲಿಯಲ್ಲಿ ಓದುವಾಗ ನಿಸರ್ಗಾ ಮೆಚ್ಚಿಕೊಂಡ ಹುಡುಗ ಸಾಗರ್. ಅವನ ತಾಯಿ ಚಂದ್ರಕಲಾ ಮಂಡ್ಯದ ಕಡೆಯವರು, ಪಾಲೋ ಆಲ್ಟೋದಲ್ಲಿ ಮನೆ. ನಗುಮುಖದ, ಧಾರಾಳಿ ಹೆಂಗಸು. ಮೊದಲ ಸಲ ಮನೆಗೆ ಬಂದಾಗ ಕಾಫಿ ಕುಡಿಯುತ್ತ ತಮ್ಮ ನಾದಿನಿಯ ಮಗಳು ಯಾರನ್ನೋ ಕಟ್ಟಿಕೊಂಡಳೆಂದೂ ಅಂದಿನಿಂದ ಹೋಗಿಬರುವುದನ್ನು ನಿಲ್ಲಿಸಿದ್ದೇವೆಂದೂ ಹೇಳಿದ್ದರು. ಆ ‘ಯಾರನ್ನೋ’ ಎಂಬುದನ್ನು ಬಿಡಿಸಿ ಹೇಳಲಿಲ್ಲ. ಇನ್ನೊಂದು ಚಕ್ಕುಲಿ ತೆಗೆದುಕೊಂಡರು. ಮದುವೆಯಾಗುವವರೆಗೆ ಬಾಯಿ ಬಿಡಬೇಡ, ಆಮೇಲೆ ನೋಡಿಕೊಳ್ಳೋಣ ಎಂದು ಶಿವರಾಮು ಅಂದು ಹೆಂಡತಿಗೆ ಹೇಳಿದ.

ತಾಂಬೂಲ ಬದಲಾಯಿಸುವುದಕ್ಕೆ ಎಂಟು ದಿನ ಇದ್ದಾಗ, ಒಂದು ಶನಿವಾರ, ಸಾಗರ್ ಎರಡೂ ಮನೆಯ ಹೆಂಗಸರಿಗೆ ಆರ್ಟ್ ಗ್ಯಾಲರಿಯ ಪಾಸು ಕೊಡಿಸಿದ. ಅಮ್ಮಂದಿರು ಸಲಿಗೆ ಬೆಳೆಸಿಕೊಳ್ಳಲಿ ಎಂಬುದು ಅವನ ಯೋಚನೆ. ನಿಸರ್ಗಾ ಕಾರು ಓಡಿಸಿದಳು.

ಮೊದಲ ಕೋಣೆಗಳಲ್ಲಿ ಈ ದೇಶದ ಹೆಸರಾಂತ ಚಿತ್ರಗಳಿದ್ದವು. ಗೋಡೆಯಗಲದ ಕಣಿವೆಗಳು, ಬಿಸಿಲು ಬಿದ್ದ ಹೊಳೆಗಳು. ಎಲ್ಲಿಯೂ ಒಬ್ಬ ಮನುಷ್ಯನಿರಲಿಲ್ಲ. ಚಂದ್ರಕಲಾ ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಆಚೆಯದು ಮೂಲನಿವಾಸಿಗಳ ಸಂಗ್ರಹ. ಒಳಗೆ ಹೋಗುತ್ತಲೇ ಪ್ರಭಾಳ ನಡಿಗೆ ನಿಧಾನವಾಯಿತು. ಗಾಜಿನ ಹಿಂದೆ ಬುಟ್ಟಿಗಳಿದ್ದವು. ಕಾಳು ಕೇರುವಂಥವು, ಮಗು ಮಲಗಿಸುವಂಥವು, ಅಂಗೈಯಲ್ಲಿ ಹಿಡಿಸುವಂಥವು. ಒಂದರ ಹೆಣಿಗೆ ಎಡಕ್ಕೆ ವಾಲಿತ್ತು. ಮಾಡಿದವಳು ಎಡಚಿ ಇರಬೇಕೆಂದು ಪ್ರಭಾಳಿಗೆ ತೋರಿತು. ಕೆಳಗಿನ ಚೀಟಿಯನ್ನು ನಿಸರ್ಗಾ ಓದಿ ಹೇಳಿದಳು: ಪೋಮೊ ಜನಾಂಗ, ಹೆಣೆದವರ ಹೆಸರು ತಿಳಿದಿಲ್ಲ. ಪಕ್ಕದ್ದರ ಮೇಲೂ ಅದೇ ಬರೆದಿತ್ತು. ಅದರ ಪಕ್ಕದ್ದರ ಮೇಲೂ.

ಹಿಂದಿನ ಅಂಗಳದಲ್ಲಿ ಅರವತ್ತರ ಆಸುಪಾಸಿನ ಪೋಮೊ ಹೆಂಗಸೊಬ್ಬಳು ಬುಟ್ಟಿ ಹೆಣೆದು ತೋರಿಸುತ್ತಿದ್ದಳು. ಶುರುಮಾಡುವ ಮೊದಲು ತನಗೆ ಕಲಿಸಿದ ಅಜ್ಜಿಯ ಹೆಸರು ಹೇಳಿದಳು, ಅಜ್ಜಿಗೆ ಕಲಿಸಿದವಳ ಹೆಸರನ್ನೂ ಹೇಳಿದಳು. ಒಳಗಿರುವ ಬುಟ್ಟಿಗಳಲ್ಲಿ ಮೂರನ್ನು ಹೆಣೆದವರು ಯಾರೆಂದು ಹಳೆಯ ಫೋಟೋಗಳನ್ನು ನೋಡಿ ಪತ್ತೆ ಮಾಡಿದ್ದೇನೆ, ಚೀಟಿ ಬದಲಾಯಿಸುತ್ತಾರೆ ಎಂದಳು. ಆಮೇಲೆ ಹೆಣೆಯಲು ತಂದಿದ್ದ ಗಿಡದ ಬೇರೊಂದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಎರಡಾಗಿ ಸೀಳಿದಳು.

ನೋಡಲು ಬಂದವರಿಗೂ ನೆನೆಸಿದ ಕಡ್ಡಿಗಳನ್ನು ಹಂಚಿದರು. ಬುಟ್ಟಿಯ ಅಡಿ ಕಟ್ಟಿ ನೋಡಿ ಎಂದರು. ಮೇಜಿನ ಮೇಲೆ ಎಲ್ಲರ ಕಡ್ಡಿಗಳೂ ಜಾರುತ್ತಿದ್ದವು. ಚಂದ್ರಕಲಾ ತಮ್ಮದನ್ನು ಎತ್ತಿ ತೋರಿಸಿ, ಇದು ಬುಟ್ಟಿಯಲ್ಲ, ಕಾಗೆ ಗೂಡು ಎಂದು ನಕ್ಕರು. ಪ್ರಭಾ ನಾಲ್ಕರ ಮೇಲೆ ನಾಲ್ಕು ಕಡ್ಡಿ ಅಡ್ಡ ಇಟ್ಟಳು. ಮೇಜು ಎತ್ತರವೆನಿಸಿತು. ಚಪ್ಪಲಿ ಕಳಚಿದಳು, ನೆಲದ ಮೇಲೆ ಕೂತಳು, ಕಾಲಿನ ಹೆಬ್ಬೆರಳಿನಿಂದ ನಡುವನ್ನು ಅದುಮಿಕೊಂಡು ಸುತ್ತಲೂ ಹೆಣೆಯತೊಡಗಿದಳು. ಮೂವತ್ತೆರಡು ವರ್ಷದಿಂದ ಮಾಡದ ಕೆಲಸ. ಕೈ ಎಲ್ಲಿಯೂ ತಡವರಿಸಲಿಲ್ಲ. ಐದು ಸುತ್ತು ಮುಗಿದು ಆರನೆಯದಕ್ಕೆ ಕಡ್ಡಿ ಬಗ್ಗಿಸುವಾಗ, ಸುತ್ತ ಮಾತು ನಿಂತಿರುವುದು ಅವಳ ಗಮನಕ್ಕೆ ಬಂತು.

ಪೋಮೊ ಹೆಂಗಸು ಎದುರಿಗೆ ಬಂದು ಕುಕ್ಕರುಗಾಲಲ್ಲಿ ಕೂತಿದ್ದಳು. ನಿಮಗೆ ಯಾರು ಕಲಿಸಿದರು ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಪ್ರಭಾ ಉತ್ತರ ಕೊಡುವ ಮೊದಲೇ ಚಂದ್ರಕಲಾ ಬಗ್ಗಿ ನೋಡಿದರು. “ಅಯ್ಯೋ ಬೀಗಿತಿಯವ್ರೇ, ನಮ್ಮೂರ ಸಂತೇಲಿ ಮೇದರ ಹೆಂಗಸ್ರು ಥೇಟ್ ಹಿಂಗೇ ಕೂತ್ಕೊಳೋರು. ಹಿಂಗೇ ಕಾಲಲ್ಲಿ ಅದುಮ್ಕೊಂಡು. ಎಲ್ಲಿ ಕಲಿತ್ರಿ ಇದನ್ನ?”

ಅವರ ಮುಖದಲ್ಲಿ ನಗುವಿತ್ತು. ಕಣ್ಣು ಮಾತ್ರ ಪ್ರಭಾಳ ಪಾದದ ಮೇಲೇ ಇತ್ತು. ನಿಸರ್ಗಾ ಫೋನು ಹಿಡಿದು ವಿಡಿಯೋ ಮಾಡುತ್ತಿದ್ದಳು. ಪ್ರಭಾ ಕಾಲು ಹಿಂದಕ್ಕೆಳೆದುಕೊಂಡಳು.

“ನಮ್ಮನೆ ಬಾಗ್ಲಿಗೆ ಮೊರ ಮಾರೋಕೆ ಒಬ್ಳು ಬರ್ತಿದ್ಳು,” ಎಂದಳು. “ಜಗಲಿ ಮೇಲೆ ಕೂತು ಹೆಣೀತಿದ್ಳು. ಚಿಕ್ಕವಳಿದ್ದಾಗ ನೋಡಿ ನೋಡಿ ಬಂತು.”

ಚಂದ್ರಕಲಾ ಸೊಂಟ ನೇರ ಮಾಡಿಕೊಂಡರು. ಅವರ ಉಸಿರು ಸಡಿಲವಾದದ್ದು ಪ್ರಭಾಳಿಗೆ ಕೇಳಿಸಿತು.

“ಹಾಗನ್ನಿ. ನಮ್ಮನೇಗೂ ಒಬ್ಳು ಬರ್ತಿದ್ಳು. ನಮ್ಮಜ್ಜಿ ಅವಳ ಕೈಯಿಂದ ಮೊರ ಈಸ್ಕೊಳ್ತಿರಲಿಲ್ಲ. ಕೆಳಗಿಡಿಸಿ, ನೀರು ಚಿಮುಕಿಸಿ, ಆಮೇಲೇ ಒಳಗೆ ತಗೊಳೋದು. ಅದೊಂದು ಕಾಲ, ಬಿಡಿ.”

ಅವರು ನಕ್ಕರು. ಪ್ರಭಾಳೂ ನಕ್ಕಳು. ಹಾಗೆ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುವ ಸಣ್ಣತಾಯಮ್ಮನನ್ನು ಅವಳು ಎಷ್ಟೋ ಬಾಗಿಲುಗಳಲ್ಲಿ ನೋಡಿದ್ದಳು. ನೀರಿನ ಹನಿ ಕೆಲವು ಸಲ ಜೊತೆಗೆ ಹೋದ ಪ್ರಭಾಳ ಲಂಗದ ಮೇಲೂ ಬೀಳುತ್ತಿತ್ತು.

ಪೋಮೊ ಹೆಂಗಸು ಇನ್ನೂ ಕಾಯುತ್ತಿದ್ದಳು. ನಿಸರ್ಗಾ ಅವಳಿಗೆ ಇಂಗ್ಲಿಷಿನಲ್ಲಿ ತಿಳಿಸಿದಳು: ಮನೆಯವರಲ್ಲ, ಬುಟ್ಟಿ ಮಾರುವ ಒಬ್ಬ ಹೆಂಗಸು. ಆಕೆ ತಲೆಯಾಡಿಸಿ ಪ್ರಭಾಳ ಬೆರಳಿನ ಗೆರೆಗಳನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದಳು. ತನ್ನ ತೋರುಬೆರಳನ್ನು ಮುಂದೆ ಚಾಚಿದಳು. ಅದರ ಮೇಲೂ ಅಂಥವೇ ಗೆರೆಗಳು. ಪ್ರಭಾ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಚಪ್ಪಲಿ ಮೆಟ್ಟಿಕೊಂಡಳು. ಆಕೆ ಅರ್ಧ ಕಟ್ಟಿದ ಅಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನಿಸರ್ಗಾಳ ಕೈಗೆ ಕೊಟ್ಟಳು.

ನಿಸರ್ಗಾ ಚಂದ್ರಕಲಾ ಅವರನ್ನು ಪಾಲೋ ಆಲ್ಟೋದ ಅವರ ಮನೆಯ ಮುಂದೆ ಇಳಿಸಿದಳು. ಅವರು ಕಿಟಕಿಯೊಳಗೆ ಕೈಹಾಕಿ ಪ್ರಭಾಳ ಭುಜ ತಟ್ಟಿ, ಮುಂದಿನ ಭಾನುವಾರ ತಾಂಬೂಲಕ್ಕೆ ಬೇಗ ಬಂದುಬಿಡುತ್ತೇವೆ, ಹೋಳಿಗೆ ನಾನೇ ಮಾಡಿ ತರುತ್ತೇನೆ ಎಂದರು. ಮಗಳ ಮದುವೆ ಮುರಿಯದೆ ಉಳಿದಿತ್ತು. ಶಿವರಾಮುವಿಗೆ ಹೇಳಿದರೆ ಸಮಯಕ್ಕೆ ಸರಿಯಾಗಿ ಹೊಳೆಯಿತಲ್ಲ ಎಂದು ಮೆಚ್ಚುತ್ತಾನೆ. ಇನ್ನು ಮದುವೆಯಾದ ಮೇಲೂ ನಿಜ ಹೇಳುವ ಹಾಗಿಲ್ಲ ಎಂಬುದು ಫ್ರೀವೇ ಹತ್ತುವಾಗ ಪ್ರಭಾಳಿಗೆ ಹೊಳೆಯಿತು. ಜಾತಿ ಮುಚ್ಚಿಟ್ಟದ್ದನ್ನು ಚಂದ್ರಕಲಾ ಕ್ಷಮಿಸಿದರೂ ಕ್ಷಮಿಸಬಹುದು. ತನ್ನ ತಾಯಿಯನ್ನೇ ಯಾರೋ ಮೊರ ಮಾರುವವಳೆಂದು ಬಾಗಿಲಾಚೆ ನಿಲ್ಲಿಸಿದ್ದನ್ನು ಮಗಳಿಗೆ ಏನೆಂದು ಹೇಳುವುದು?

ಹಿಂದಿನ ಸೀಟಿನಲ್ಲಿ ಒದ್ದೆ ಬಟ್ಟೆ ಬಿಚ್ಚಿಕೊಂಡಿತ್ತು, ಕಡ್ಡಿಗಳು ಆಗಲೇ ಒಣಗಿ ಸಡಿಲಾಗುತ್ತಿದ್ದವು. ಕಾರು ತಿರುಗಿದಾಗಲೆಲ್ಲ ಅವು ಒಂದಕ್ಕೊಂದು ತಾಗುವ ಸದ್ದು ಬರುತ್ತಿತ್ತು.

“ಅಮ್ಮಾ, ಆ ಲೇಡಿ,” ಎಂದಳು ನಿಸರ್ಗಾ, ರಸ್ತೆಯಿಂದ ಕಣ್ಣು ತೆಗೆಯದೆ. “ಮೊರ ಮಾರೋಕೆ ಬರ್ತಿದ್ರಲ್ಲ, ವಾಟ್ ವಾಸ್ ಹರ್ ನೇಮ್? ವಿಡಿಯೋ ಕೆಳಗೆ ಹಾಕ್ತೀನಿ.”

ಪ್ರಭಾ ಹಿಂದಕ್ಕೆ ಕೈಚಾಚಿ ಬಟ್ಟೆಯನ್ನು ಕಡ್ಡಿಗಳ ಮೇಲೆ ಎಳೆದಳು.

“ಗೊತ್ತಿಲ್ಲ ಕಣೆ,” ಎಂದಳು. “ಅವರನ್ನೆಲ್ಲ ಯಾರು ಹೆಸರು ಕೇಳ್ತಿದ್ರು.”